ಮೂರು ವರ್ಷ ಬಳಸಿದ ಡಿಒ ಮೀಟರ್: ಒತ್ತಡದ ಒಂದು ಅಂಕಿ ಕೊಟ್ಟ ಕಾಟ

ಮಂಡ್ಯದ ಹತ್ತಿರ, ವಿ.ಸಿ. ನಾಲೆಯ ಬಯಲಲ್ಲಿ ನನ್ನದೊಂದು ಅರ್ಧ ಎಕರೆ ಮೀನಿನ ಹೊಂಡ. ಕಾಟ್ಲಾ, ರೋಹು ಸಾಕಿದ್ದೇನೆ. ರಾತ್ರಿಯೆಲ್ಲ ಪಾಚಿಯೂ ಮೀನೂ ಆಮ್ಲಜನಕ ಬಳಸಿಕೊಳ್ಳುವುದರಿಂದ ಬೆಳಕು ಹರಿಯುವ ಹೊತ್ತಿಗೆ ನೀರಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಹಾಗಾಗಿ ಡಿಒ ಮೀಟರ್, ಅಂದರೆ ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ಉಪಕರಣ ಹಿಡಿದು ನನ್ನ ಅಳತೆ ಯಾವಾಗಲೂ ಮುಂಜಾನೆಯೇ.

ಐದೂವರೆಗೆ ಎದ್ದು ಮೀಟರ್ ಆನ್ ಮಾಡಿ ಜಗಲಿಯ ಮೇಲಿಡುತ್ತೇನೆ. ಇದರದು ಪೋಲರೋಗ್ರಾಫಿಕ್ ಪ್ರೋಬ್ (ತೆಳು ಪೊರೆಯ ಹಿಂದೆ ದ್ರಾವಣ ತುಂಬಿ, ವಿದ್ಯುತ್ತಿನಿಂದ ಆಮ್ಲಜನಕ ಅಳೆಯುವ ಕಡ್ಡಿ) ಆದ್ದರಿಂದ ಹದಕ್ಕೆ ಬರಲು 15 ನಿಮಿಷ ಬೇಕು. ಅಷ್ಟರಲ್ಲಿ ಹಸುವಿಗೆ ಹುಲ್ಲು ಹಾಕಿ, ಕಾಫಿ ಕುಡಿದು ಬರುತ್ತೇನೆ. ಆ ಪೊರೆ, ಅಂದರೆ ಮೆಂಬ್ರೇನ್ ಮೇಲೆ ಒಂದೇ ಹನಿ ನಿಂತಿದ್ದರೂ ಹಳೇ ಪಂಚೆಯ ತುಂಡನ್ನು ಮೆಲ್ಲಗೆ ಒತ್ತಿ ತೆಗೆಯುತ್ತೇನೆ, ಉಜ್ಜುವುದಿಲ್ಲ. ಆಮೇಲೆ ಒದ್ದೆ ಸ್ಪಾಂಜ್ ಇರುವ ಮುಚ್ಚಳದೊಳಗೆ ಪ್ರೋಬ್ ಇಟ್ಟು, ನೀರಾವಿ ತುಂಬಿದ ಆ ಗಾಳಿಯಲ್ಲಿ ಅಂಕಿ ಅಲುಗಾಡದೆ ನಿಲ್ಲುವವರೆಗೂ ಕಾಯುತ್ತೇನೆ. ನಿಂತ ಮೇಲೆಯೇ ಕ್ಯಾಲಿಬ್ರೇಷನ್ ಬಟನ್ ಒತ್ತುವುದು, ಅಂದರೆ ಈ ಗಾಳಿಯನ್ನೇ ಅಳತೆಗೋಲಾಗಿ ಇಟ್ಟುಕೋ ಅಂತ ಮೀಟರ್‌ಗೆ ಹೇಳುವುದು.

ಇಷ್ಟೆಲ್ಲ ಮಾಡಿಯೂ ಮೊದಲ ವರ್ಷ ಮೀಟರ್ ಹೇಳಿದ್ದು ಸರಿಯಿರಲಿಲ್ಲ. ಪರಿಚಯದವರ ಲ್ಯಾಬಿನಲ್ಲಿ ವಿಂಕ್ಲರ್ ವಿಧಾನದಿಂದ, ಅಂದರೆ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವ ವಿಧಾನದಿಂದ, ಪರೀಕ್ಷೆ ಮಾಡಿಸಿದೆ. ಹೊಂಡದ ದಡದಲ್ಲೇ ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ಹಾಕಿದಾಗ ಕಂದು ಗಷ್ಟು ಮೋಡದ ಹಾಗೆ ಇಳಿಯಿತು. ಫಲಿತಾಂಶ ಲೀಟರಿಗೆ 4.6 ಮಿಲಿಗ್ರಾಂ. ಅದೇ ನೀರಿಗೆ ನನ್ನ ಮೀಟರ್ ತೋರಿಸಿದ್ದು 5.0. ಮೆಂಬ್ರೇನ್ ಹಾಳಾಗಿದೆ ಅಂದುಕೊಂಡು ಎರಡು ಸಲ ಬದಲಾಯಿಸಿದೆ. ದುಡ್ಡು ಹೋಯಿತು, ವ್ಯತ್ಯಾಸ ಹೋಗಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ಸರಿಯಾಗಿ ಕ್ಯಾಲಿಬ್ರೇಟ್ ಮಾಡಿ ಸಾರ್" ಎಂಬ ಒಂದೇ ಮಾತು. ಸಿಟ್ಟಿನಲ್ಲಿ ವಾಪಸ್ ಕಳಿಸಲು ಡಬ್ಬಿ ಕೂಡ ಹುಡುಕಿಟ್ಟಿದ್ದೆ.

ತಪ್ಪಿದ್ದದ್ದು ಒತ್ತಡದಲ್ಲಿ. ವಾಯುಒತ್ತಡ ನಮೂದಿಸಿ ಅಂತ ಮೀಟರ್ ಕೇಳುತ್ತದೆ, ನಾನು ಫೋನಿನ ಹವಾಮಾನ ಆ್ಯಪ್ ನೋಡಿ 1012 ಹೆಕ್ಟೊಪಾಸ್ಕಲ್ ಅಂತ ಹಾಕುತ್ತಿದ್ದೆ. ಆ್ಯಪ್‌ನಲ್ಲಿ ಬರುವುದು ಸಮುದ್ರಮಟ್ಟಕ್ಕೆ ಇಳಿಸಿದ ಲೆಕ್ಕ! ಮಂಡ್ಯ ಇರುವುದು ಸುಮಾರು 680 ಮೀಟರ್ ಎತ್ತರದಲ್ಲಿ. ಇಲ್ಲಿನ ನಿಜವಾದ ಒತ್ತಡ 935ರ ಆಸುಪಾಸು. 25 ಡಿಗ್ರಿ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ 8.26 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ ನಮ್ಮಲ್ಲಿ 7.6 ಅಷ್ಟೇ. ಮೀಟರ್‌ಗೆ ದಿನಾ ಬೆಳಗ್ಗೆ ತಪ್ಪು ಪಾಠ ಹೇಳಿಕೊಟ್ಟವನು ನಾನೇ. ಸರಿಯಾದ ಒತ್ತಡ ಹಾಕಿದ ದಿನದಿಂದ ಅದು ವಿಂಕ್ಲರ್‌ಗೆ ಹತ್ತಿರ ಹತ್ತಿರವೇ ಓದುತ್ತಿದೆ. ಈಗ ಅದರ ಮೇಲೆ ನನಗೆ ಪೂರ್ತಿ ನಂಬಿಕೆ.

ಆದರೂ ಕೈಪಿಡಿ ಬರೆದವರ ಮೇಲಿನ ಬೇಸರ ಹೋಗಿಲ್ಲ. ನೀವಿರುವ ಜಾಗದ ಒತ್ತಡವನ್ನೇ ಹಾಕಿ, ಆ್ಯಪ್‌ನದ್ದಲ್ಲ ಅಂತ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಬೆಳಕಿನಿಂದ ಅಳೆಯುವ ಆಪ್ಟಿಕಲ್ ಮೀಟರ್‌ಗೆ ಈ ಮೆಂಬ್ರೇನ್, ದ್ರಾವಣದ ತಾಪತ್ರಯವಿಲ್ಲ, ಆದರೆ ಅದರ ಬೆಲೆ ನನ್ನ ಕೈಗೆಟುಕಲಿಲ್ಲ. ನನ್ನಂಥ ಮೀಟರನ್ನೇ ಕೊಳ್ಳುವವರು ಮೆಂಬ್ರೇನ್ ಇರುವ ಕ್ಯಾಪಿಗೆ ದ್ರಾವಣ ತುಂಬುವಾಗ ಗುಳ್ಳೆ ಉಳಿಯದಂತೆ ಬೆರಳಲ್ಲಿ ತಟ್ಟಿ, ನಿಧಾನಕ್ಕೆ ತಿರುಗಿಸಿ. ಅಳೆಯುವಾಗ ಪ್ರೋಬನ್ನು ನೀರಲ್ಲಿ ಸುಮ್ಮನೆ ಇಳಿಬಿಡದೆ ಆಡಿಸುತ್ತಿರಿ, ಇಲ್ಲದಿದ್ದರೆ ಅಂಕಿ ಇಳಿಯುತ್ತಲೇ ಹೋಗುತ್ತದೆ. ಕ್ಯಾಪ್ ನನಗೆ ಮಂಡ್ಯದ ಅಂಗಡಿಗಳಲ್ಲಿ ಸಿಗಲಿಲ್ಲ, ಕೊರಿಯರ್‌ನಲ್ಲೇ ತರಿಸಿಕೊಂಡೆ. ಮೀಟರ್ ಜೊತೆಗೇ ಇನ್ನೆರಡು ತೆಗೆದಿಟ್ಟುಕೊಳ್ಳಿ.