‘ತಾತ್ಕಾಲಿಕ’ ಎಂಬ ಷರಾ: ಯುಎಸ್‌ಜಿಎಸ್ ಸೇವೆಗಳನ್ನು ಬಳಸುವವನ ವಿಮರ್ಶೆ

ಪೊಟೊಮ್ಯಾಕ್ ನದಿಯ ದಂಡೆಯ ಕಾಲುದಾರಿಗೆ ಹೊರಡುವ ಮುನ್ನ ನಾನು ಮೊದಲು ತೆರೆಯುವುದು ಹವಾಮಾನ ಮುನ್ಸೂಚನೆಯನ್ನಲ್ಲ, 01646500 ಎಂಬ ಸಂಖ್ಯೆಯ ಪುಟವನ್ನು. ವಾಷಿಂಗ್ಟನ್ ನಗರದ ಬಳಿ, ಲಿಟಲ್ ಫಾಲ್ಸ್ ಎಂಬಲ್ಲಿ ನದಿಯ ನೀರನ್ನು ಅಳೆಯುವ ಕೇಂದ್ರದ ಗುರುತುಸಂಖ್ಯೆ ಅದು. ಅದನ್ನು ನಡೆಸುವುದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್. 1879ರ ಮಾರ್ಚ್ 3ರಂದು ಹುಟ್ಟಿದ ಈ ಸಂಸ್ಥೆ, ಸರ್ಕಾರಿ ಜಮೀನು ಮತ್ತು ನೈಸರ್ಗಿಕ ಸಂಪತ್ತನ್ನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಗೆ ಸೇರಿದೆ. ಯಾರಿಗೂ ದಂಡ ಹಾಕುವ, ಪರವಾನಗಿ ಕೊಡುವ ಅಧಿಕಾರ ಇದಕ್ಕಿಲ್ಲ. ಅಳೆದು, ಅಧ್ಯಯನ ಮಾಡಿ ಹೇಳುವುದಷ್ಟೇ ಇದರ ಕೆಲಸ. ನೀರು, ಬಂಡೆ, ಭೂಕಂಪ, ನಕ್ಷೆ, ವನ್ಯಜೀವಿ ಎಂದು ಹರಡಿಕೊಂಡಿರುವ ಇದರ ಸಾರ್ವಜನಿಕ ಸೇವೆಗಳಿಗೆ ಹಣ ಕೊಡಬೇಕಿಲ್ಲ, ಹೆಚ್ಚಿನವಕ್ಕೆ ಖಾತೆಯೂ ಬೇಕಿಲ್ಲ. ವಿಜ್ಞಾನಿಯಲ್ಲದ, ಆದರೆ ಇವುಗಳನ್ನು ಆಗಾಗ ಬಳಸುವ ಒಬ್ಬನ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯ ನಿಜವಾದ ಬೆಲೆ ಇರುವುದು ಅದು ಕೊಡುವ ಅಂಕಿಯಲ್ಲಿ ಅಲ್ಲ, ಅಂಕಿಯ ಪಕ್ಕದಲ್ಲಿ ಬರೆದ ಷರಾದಲ್ಲಿ. ಇಂದಿನ ಹರಿವು ಇಷ್ಟು ಎಂದು ತೋರಿಸುವ ಪುಟವೇ, ಈ ಮಾಹಿತಿ ತಾತ್ಕಾಲಿಕ, ಮುಂದೆ ಪರಿಷ್ಕರಣೆಯಾಗಬಹುದು ಎಂದೂ ಹೇಳುತ್ತದೆ. ತಿಂಗಳುಗಳ ನಂತರ ತಜ್ಞರು ಪರಿಶೀಲಿಸಿ ಒಪ್ಪಿದ ಮೇಲಷ್ಟೇ ಆ ಅಂಕಿಗೆ ‘ಅನುಮೋದಿತ’ ಎಂಬ ಮುದ್ರೆ ಬೀಳುತ್ತದೆ. ತನಗೆ ಎಷ್ಟು ಖಚಿತವಿದೆ ಎಂಬುದನ್ನು ಇಷ್ಟು ಬಿಡಿಸಿ ಹೇಳುವ ಸರ್ಕಾರಿ ಸೇವೆಯನ್ನು ನಾನು ಹೆಚ್ಚು ಕಂಡಿಲ್ಲ. ತೊಂದರೆಯೆಂದರೆ, ಈ ಷರಾಗಳನ್ನು ಓದಲು ಬರುವವರಿಗೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ, ಮತ್ತು ಓದಲು ಕಲಿಸುವ ವಿಷಯದಲ್ಲಿ ಸಂಸ್ಥೆ ಅಷ್ಟೇನೂ ಮುತುವರ್ಜಿ ವಹಿಸಿದಂತೆ ಕಾಣುವುದಿಲ್ಲ.

ನಾನೇ ಮಾಡಿದ ತಪ್ಪೊಂದನ್ನು ಉದಾಹರಣೆಗೆ ಕೊಡಬಹುದು. ಮೊದಲ ಸಲ ಆ ಪುಟ ನೋಡಿದಾಗ ‘ಗೇಜ್ ಎತ್ತರ’ ಎಂಬ ಹೆಸರಿನಡಿ ಮೂರು ಅಡಿಯ ಆಸುಪಾಸಿನ ಸಂಖ್ಯೆ ಇತ್ತು. ಇಷ್ಟು ದೊಡ್ಡ ನದಿ ಸೊಂಟದ ಮಟ್ಟಕ್ಕೂ ಇಲ್ಲವಲ್ಲ ಎಂದುಕೊಂಡೆ. ಗೇಜ್ ಎತ್ತರ ನೀರಿನ ಆಳವಲ್ಲ. ಕೇಂದ್ರ ಸ್ಥಾಪಿಸುವಾಗ ಗೊತ್ತುಮಾಡಿಕೊಂಡ ಸೊನ್ನೆಯೊಂದರಿಂದ ನೀರಿನ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ಅದು. ಆ ಸೊನ್ನೆ ನದಿಯ ತಳದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಹಾಗಾಗಿ ಒಂದು ಕೇಂದ್ರದ ಮೂರು ಅಡಿಯನ್ನು ಇನ್ನೊಂದು ಕೇಂದ್ರದ ಮೂರು ಅಡಿಯ ಜೊತೆ ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಹೋಲಿಸಬೇಕಾದದ್ದು ಹರಿವನ್ನು. ಅದನ್ನು ಸೆಕೆಂಡಿಗೆ ಘನ ಅಡಿಗಳಲ್ಲಿ ಕೊಡುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಕ್ಯುಸೆಕ್ ಎಂದು ಅಚ್ಚಾಗುವುದು ಇದೇ ಅಳತೆಯಾದ್ದರಿಂದ ಕನ್ನಡ ಓದುಗರಿಗೆ ಇದು ಕಷ್ಟವಾಗುವುದಿಲ್ಲ. ಮೆಟ್ರಿಕ್ ಪದ್ಧತಿಗೆ ಒಗ್ಗಿಹೋದ ಬೇರೆ ದೇಶದವರು ತಡವರಿಸುತ್ತಾರೆ.

ಆ ಕ್ಯುಸೆಕ್ ಅಂಕಿ ಹೇಗೆ ಹುಟ್ಟುತ್ತದೆ ಎಂದು ತಿಳಿದ ಮೇಲೆ ಷರಾಗಳ ಬಗ್ಗೆ ನನ್ನ ಗೌರವ ಹೆಚ್ಚಿತು. ಕೇಂದ್ರದಲ್ಲಿರುವ ಉಪಕರಣ ಹರಿವನ್ನು ನೇರವಾಗಿ ಅಳೆಯುವುದಿಲ್ಲ. ಅದು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನಷ್ಟೇ ದಾಖಲಿಸಿ ಉಪಗ್ರಹದ ಮೂಲಕ ಕಳಿಸುತ್ತದೆ. ಹರಿವು ಎಷ್ಟೆಂದು ತಿಳಿಯಲು ಮನುಷ್ಯರೇ ನದಿಗೆ ಹೋಗಬೇಕು. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಿಗೊಮ್ಮೆ ಸಿಬ್ಬಂದಿ ಬಂದು, ನದಿಯ ಅಗಲವನ್ನು ಹಲವು ಪಟ್ಟಿಗಳಾಗಿ ವಿಂಗಡಿಸಿಕೊಂಡು, ಪ್ರತಿ ಪಟ್ಟಿಯ ಆಳ ಮತ್ತು ವೇಗವನ್ನು ಅಳೆದು ಕೂಡಿಸುತ್ತಾರೆ. ಹಿಂದೆ ಇದಕ್ಕೆ ಪುಟ್ಟ ಬಟ್ಟಲುಗಳು ಗಿರಗಿರನೆ ಸುತ್ತುವ ವೇಗಮಾಪಕವನ್ನು ನೀರಿಗೆ ಇಳಿಸುತ್ತಿದ್ದರು. ಈಗ ಹೆಚ್ಚಾಗಿ ಶಬ್ದದ ಅಲೆಗಳಿಂದ ವೇಗ ಗ್ರಹಿಸುವ ಡಾಪ್ಲರ್ ಉಪಕರಣವನ್ನು ತೇಲಿಸಿ ದಡದಿಂದ ದಡಕ್ಕೆ ಎಳೆಯುತ್ತಾರೆ. ಹೀಗೆ ಸಿಕ್ಕ ಬಿಂದುಗಳಿಂದ, ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ವಕ್ರರೇಖೆಯನ್ನು ಕಟ್ಟುತ್ತಾರೆ. ನಾವು ಪರದೆಯ ಮೇಲೆ ನೋಡುವುದು ಆ ರೇಖೆಯಿಂದ ಓದಿದ ಅಂದಾಜು. ಒಂದು ದೊಡ್ಡ ಪ್ರವಾಹ ಬಂದು ಮರಳಿನ ದಿಬ್ಬ ಸರಿದರೆ ಸಾಕು, ರೇಖೆಯನ್ನು ತಿದ್ದಬೇಕಾಗುತ್ತದೆ.

ಈ ಕ್ಷೇತ್ರ ಅಳತೆಗಳ ಪಟ್ಟಿಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು ಎಂಬುದು ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ. ಪ್ರತಿ ಅಳತೆಯ ಮುಂದೆ, ಅಳೆದವರೇ ಕೊಟ್ಟುಕೊಂಡ ದರ್ಜೆ ಇರುತ್ತದೆ: ‘ಅತ್ಯುತ್ತಮ’ ಎಂದರೆ ತಪ್ಪು ಶೇ 2ರ ಒಳಗೆ, ‘ಉತ್ತಮ’ ಎಂದರೆ ಶೇ 5, ‘ಸಾಧಾರಣ’ ಎಂದರೆ ಶೇ 8, ಅದಕ್ಕೂ ಮೀರಿದರೆ ‘ಕಳಪೆ’. ತನ್ನ ಕೆಲಸಕ್ಕೆ ತಾನೇ ‘ಕಳಪೆ’ ಎಂದು ಬರೆದುಕೊಂಡು ಅದನ್ನು ಸಾರ್ವಜನಿಕರ ಮುಂದಿಡುವ ಕಚೇರಿಯ ಅಂಕಿಯನ್ನು ನಾನು ನಿಶ್ಚಿಂತೆಯಿಂದ ನಂಬುತ್ತೇನೆ. ಚಳಿಗಾಲದಲ್ಲಿ ಉತ್ತರದ ನದಿಗಳ ಪುಟಗಳಲ್ಲಿ ಹರಿವಿನ ಜಾಗದಲ್ಲಿ ‘ಐಸ್’ ಎಂಬ ಒಂದೇ ಪದ ಬಂದಿರುತ್ತದೆ. ಹಿಮಗಡ್ಡೆ ಅಡ್ಡಗಟ್ಟಿದಾಗ ಹರಿವು ಹೆಚ್ಚದಿದ್ದರೂ ಮಟ್ಟ ಏರುತ್ತದೆ, ಆಗ ವಕ್ರರೇಖೆ ಸುಳ್ಳು ಹೇಳುತ್ತದೆ. ಸುಳ್ಳಂಕಿ ತೋರಿಸುವುದಕ್ಕಿಂತ ಅಂಕಿಯನ್ನೇ ತೋರಿಸದಿರುವುದು ಅವರ ಪದ್ಧತಿ.

ದೇಶದ ನಕ್ಷೆಯ ಮೇಲೆ ಇಂಥ 8,000ಕ್ಕೂ ಹೆಚ್ಚು ಕೇಂದ್ರಗಳು ಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ. ಹಸಿರು ಸಾಮಾನ್ಯ ಹರಿವು, ಕೆಂಪಿನ ಕಡೆ ಹೋದಷ್ಟೂ ಕಡಿಮೆ, ನೀಲಿಯ ಕಡೆ ಹೋದಷ್ಟೂ ಹೆಚ್ಚು. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ: ಬಣ್ಣ ಹೇಳುವುದು ವರ್ಷದ ಅದೇ ದಿನದ ಹಿಂದಿನ ದಾಖಲೆಗಳಿಗೆ ಹೋಲಿಸಿದ ಸ್ಥಾನವನ್ನು. ಆಗಸ್ಟ್‌ನಲ್ಲಿ ನೀಲಿಯಾಗಿ ಕಾಣುವ ನದಿಯಲ್ಲಿ ಏಪ್ರಿಲ್‌ನ ಹಸಿರು ದಿನಕ್ಕಿಂತ ಕಡಿಮೆ ನೀರಿರಬಹುದು. ದೋಣಿ ಹಾಕಲು ಹೊರಟವರು ಚುಕ್ಕೆಯ ಬಣ್ಣವನ್ನು ಬಿಟ್ಟು ಒಳಗಿನ ಅಂಕಿಯನ್ನೇ ನೋಡಬೇಕು. ಮಟ್ಟ ಇಷ್ಟು ದಾಟಿದರೆ ತಿಳಿಸಿ ಎಂದು ನಾವೇ ಮಿತಿ ಹಾಕಿಕೊಂಡು ಸಂದೇಶ ತರಿಸಿಕೊಳ್ಳುವ ವಾಟರ್‌ಅಲರ್ಟ್ ಸೌಲಭ್ಯ ಸರಳವಾಗಿದೆ. ನದಿಯ ಪಕ್ಕದಲ್ಲಿ ವಾಸಿಸುವ ಎಲ್ಲರೂ ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಕೇಂದ್ರಗಳ ಸಂಖ್ಯೆಗಳಲ್ಲಿಯೂ ಒಂದು ಜಾಣತನವಿದೆ. ಮೊದಲ ಎರಡು ಅಂಕಿಗಳು ದೊಡ್ಡ ಜಲಾನಯನ ಪ್ರದೇಶವನ್ನು ಸೂಚಿಸುತ್ತವೆ, ಉಳಿದ ಅಂಕಿಗಳು ನದಿಯ ಜೊತೆ ಕೆಳಕ್ಕೆ ಸಾಗಿದಂತೆ ಏರುತ್ತವೆ. ನ್ಯೂ ಮೆಕ್ಸಿಕೊದ ಎಂಬುಡೊ ಎಂಬಲ್ಲಿ ರಿಯೊ ಗ್ರಾಂಡೆ ನದಿಗೆ 1889ರಲ್ಲಿ ಕೂರಿಸಿದ್ದು ಸಂಸ್ಥೆಯ ಮೊದಲ ಮಾಪನ ಕೇಂದ್ರ. ಆಗ ನಿರ್ದೇಶಕರಾಗಿದ್ದವರು ಜಾನ್ ವೆಸ್ಲಿ ಪೊವೆಲ್. ಒಣ ಪಶ್ಚಿಮದಲ್ಲಿ ನೀರಾವರಿ ಮಾಡಬೇಕಾದರೆ ಮೊದಲು ನೀರೆಷ್ಟಿದೆ ಎಂದು ಅಳೆಯಬೇಕು ಎಂಬುದು ಅವರ ವಾದವಾಗಿತ್ತು.

ಅಳತೆಯ ದಾಖಲೆ ಉದ್ದವಾಗಿರಬೇಕು ಎಂಬುದಕ್ಕೆ ಕೊಲೊರಾಡೊ ನದಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ನದಿಯ ದಂಡೆಯ ಲೀಸ್ ಫೆರಿ ಎಂಬಲ್ಲಿ ಮಾಪನ ಶುರುವಾದದ್ದು 1921ರಲ್ಲಿ. ಏಳು ರಾಜ್ಯಗಳು ನೀರು ಹಂಚಿಕೊಂಡ ಒಪ್ಪಂದವಾದದ್ದು 1922ರಲ್ಲಿ. ಮೇಲಿನ ಮತ್ತು ಕೆಳಗಿನ ಕಣಿವೆಗಳಿಗೆ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ, ಅಂದರೆ ಒಟ್ಟು ಸುಮಾರು 650 ಟಿಎಂಸಿ ನೀರನ್ನು ಅಲ್ಲಿ ಹಂಚಲಾಯಿತು. ಹಂಚಲು ಕುಳಿತವರ ಮುಂದಿದ್ದ ದಾಖಲೆ ಚಿಕ್ಕದು, ಅದೂ ಹಿಮ ಮತ್ತು ಮಳೆ ಧಾರಾಳವಾಗಿದ್ದ ವರ್ಷಗಳದು. ಒಂದು ಶತಮಾನದ ಅಂಕಿಗಳು ಸೇರಿದ ಮೇಲೆ, ಕಾಗದದ ಮೇಲೆ ಹಂಚಿದಷ್ಟು ನೀರು ಸರಾಸರಿಯಲ್ಲಿ ನದಿಗೆ ಬರುವುದಿಲ್ಲ ಎಂಬುದು ಸ್ಪಷ್ಟವಾಗಿದೆ. ಹೀಗಿರುವಾಗ, ಕೇಂದ್ರಗಳ ಖರ್ಚಿನ ಗಣನೀಯ ಪಾಲನ್ನು ರಾಜ್ಯಗಳು, ನಗರಸಭೆಗಳು ಮತ್ತು ಜಲಮಂಡಳಿಗಳು ಭರಿಸುವ ಈಗಿನ ವ್ಯವಸ್ಥೆಯ ಬಗ್ಗೆ ನನಗೆ ಆತಂಕವಿದೆ. ಪಾಲುದಾರರು ಕೈಬಿಟ್ಟರೆ ಕೇಂದ್ರ ಮುಚ್ಚಿಹೋಗಬಹುದು. ಮುಚ್ಚಿದ ವರ್ಷಗಳ ಅಂಕಿಯನ್ನು ಮುಂದೆ ಎಷ್ಟು ಹಣ ಸುರಿದರೂ ಕೊಳ್ಳಲಾಗುವುದಿಲ್ಲ.

ನೀರಿನಿಂದ ನೆಲಕ್ಕೆ ಬಂದರೆ, ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೆಯ ನಕ್ಷೆಗಳ ಸಂಗ್ರಹ. 1884ರಿಂದ 2006ರವರೆಗೆ ಅಚ್ಚಾದ ಸ್ಥಳಾಕೃತಿ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಟೊಪೊವ್ಯೂ ಎಂಬ ಪುಟದಲ್ಲಿ ಇಟ್ಟಿದ್ದಾರೆ. ಊರಿನ ಮೇಲೆ ಒತ್ತಿದರೆ ಆ ಜಾಗದ ಎಲ್ಲ ಕಾಲದ ನಕ್ಷೆಗಳು ಸಾಲಾಗಿ ಬರುತ್ತವೆ. ನನ್ನ ಮನೆಯ ನೆಲಮಾಳಿಗೆಯ ಒಂದು ಮೂಲೆ ಮಾತ್ರ ಪ್ರತಿ ವಸಂತದಲ್ಲಿ ಏಕೆ ತೇವವಾಗುತ್ತದೆ ಎಂಬುದು ವರ್ಷಗಳ ಕಾಲ ಬಗೆಹರಿದಿರಲಿಲ್ಲ. ಹಳೆಯ ನಕ್ಷೆಯೊಂದರಲ್ಲಿ ಕೂದಲೆಳೆಯಂಥ ನೀಲಿ ಗೆರೆಯೊಂದು ನಮ್ಮ ಬೀದಿಯನ್ನು ಅಡ್ಡ ಹಾಯ್ದು ಹೋಗಿತ್ತು. ನಂತರದ ನಕ್ಷೆಯಲ್ಲಿ ಆ ಗೆರೆ ಇಲ್ಲ, ಅದರ ಜಾಗದಲ್ಲಿ ಹೊಸ ಬಡಾವಣೆಯನ್ನು ಸೂಚಿಸುವ ನೇರಳೆ ಬಣ್ಣವಿದೆ. ತೊರೆಯನ್ನು ಕೊಳವೆಗೆ ಇಳಿಸಿ ಮೇಲೆ ಮನೆ ಕಟ್ಟಿದ್ದಾರೆ, ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಬಿಟ್ಟಿಲ್ಲ. ಇಲ್ಲಿಯೂ ಷರಾ ಇದೆ. 1:24,000 ಅಳತೆಯ ನಕ್ಷೆಗಳ ಮೇಲೆ ರಾಷ್ಟ್ರೀಯ ನಿಖರತಾ ಮಾನದಂಡಕ್ಕೆ ಹೊಂದುತ್ತದೆ ಎಂಬ ಸಾಲು ಅಚ್ಚಾಗಿರುತ್ತದೆ. ಪರೀಕ್ಷಿಸಿದ ಬಿಂದುಗಳಲ್ಲಿ ಶೇ 90ರಷ್ಟು, ನಿಜವಾದ ಜಾಗದಿಂದ 40 ಅಡಿಯೊಳಗೆ ಇರಬೇಕು ಎಂಬುದು ಅದರ ಅರ್ಥ. ಬೇಲಿಯ ಜಗಳಕ್ಕೆ ಈ ನಕ್ಷೆಯನ್ನು ಹಿಡಿದು ಹೋಗುವವರು ಆ ಸಾಲನ್ನು ಮೊದಲು ಓದಲಿ.

ಭೂಕಂಪದ ಪುಟದಲ್ಲಿ ಯಂತ್ರ ತಾನಾಗಿ ಲೆಕ್ಕ ಹಾಕಿದ್ದು ಯಾವುದು, ವಿಜ್ಞಾನಿ ಪರಿಶೀಲಿಸಿದ್ದು ಯಾವುದು ಎಂದು ಬೇರೆಬೇರೆಯಾಗಿ ಗುರುತಿಸುತ್ತಾರೆ. ಆದ್ದರಿಂದ ಮೊದಲ ಗಂಟೆಯಲ್ಲಿ ತೀವ್ರತೆಯ ಅಂಕಿ ಸ್ವಲ್ಪ ಹಿಂದೆ ಮುಂದೆ ಸರಿದರೆ ಗಾಬರಿಯಾಗಬೇಕಿಲ್ಲ. ಕೊಲೊರಾಡೊದ ಗೋಲ್ಡನ್‌ನಲ್ಲಿರುವ ಕೇಂದ್ರ ಈ ಕೆಲಸವನ್ನು ಮಾಡುತ್ತದೆ. ‘ನಿಮಗೆ ಅನುಭವವಾಯಿತೇ?’ ಎಂದು ಜನರನ್ನೇ ಕೇಳುವ ಪ್ರಶ್ನಾವಳಿ ನನಗೆ ಇಷ್ಟ. ಕಪಾಟಿನಿಂದ ಸಾಮಾನು ಬಿತ್ತೇ, ಗೋಡೆಯ ಚಿತ್ರಪಟ ಅಲುಗಿತೇ ಎಂಬಂಥ ಮನೆಮಟ್ಟದ ಉತ್ತರಗಳಿಂದ ಅಲುಗಾಟದ ನಕ್ಷೆ ಮೂಡುತ್ತದೆ. 2011ರ ಆಗಸ್ಟ್ 23ರಂದು ವರ್ಜೀನಿಯಾದಲ್ಲಿ 5.8 ತೀವ್ರತೆಯ ಕಂಪನವಾಗಿ ವಾಷಿಂಗ್ಟನ್ ಸ್ಮಾರಕದಲ್ಲಿ ಬಿರುಕು ಬಿಟ್ಟಾಗ ಲಕ್ಷಕ್ಕೂ ಹೆಚ್ಚು ಜನ ಉತ್ತರ ಕಳಿಸಿದ್ದರು. ಪೂರ್ವ ಭಾಗದ ಬಂಡೆ ಹಳೆಯದು, ತಣ್ಣಗಿನದು, ಗಟ್ಟಿಯಾದದ್ದು. ಅಲೆಗಳು ಅದರಲ್ಲಿ ಬಹುದೂರ ಸಾಗುತ್ತವೆ ಎಂಬ ಪಾಠಕ್ಕೆ ಆ ಉತ್ತರಗಳ ನಕ್ಷೆಯಷ್ಟು ಸ್ಪಷ್ಟವಾದ ಚಿತ್ರ ಇನ್ನೊಂದಿಲ್ಲ.

ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳ ಬಗ್ಗೆ ಬಹಳ ಹೇಳಬೇಕಿಲ್ಲ. 1972ರಿಂದಲೂ ಸರಣಿ ನಡೆದುಬಂದಿದೆ, ಒಂದೊಂದು ಚಿತ್ರಕ್ಕೆ ಒಂದು ಕಾಲದಲ್ಲಿ 600 ಡಾಲರ್ ಕೊಡಬೇಕಿತ್ತು, 2008ರಿಂದ ಉಚಿತ. ಆದರೆ ಅವುಗಳನ್ನು ಇಳಿಸಿಕೊಳ್ಳುವ ಅರ್ಥ್‌ಎಕ್ಸ್‌ಪ್ಲೋರರ್ ಪುಟ, ಪಳಗಿದವರಿಗಾಗಿಯೇ ಕಟ್ಟಿದಂತಿದೆ. ಇಡೀ ಸೇವೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಇದೇ. ನೀರಿಗೊಂದು, ನಕ್ಷೆಗೊಂದು, ಕಂಪನಕ್ಕೊಂದು ಬಾಗಿಲು. ಒಂದರ ಒಳಗಿನಿಂದ ಇನ್ನೊಂದಕ್ಕೆ ದಾರಿ ಸಿಗುವುದು ಕಷ್ಟ. ಸಂಕೇತಾಕ್ಷರಗಳ ಅರ್ಥ ಹುಡುಕಲು ಮೂರು ಪುಟ ದಾಟಬೇಕು. ಷರಾವನ್ನು ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಅದನ್ನು ಇಷ್ಟು ಚಿಕ್ಕ ಅಕ್ಷರದಲ್ಲಿ ಏಕೆ ಬರೆಯುತ್ತಾರೋ ತಿಳಿಯದು.

ವನ್ಯಜೀವಿ ವಿಭಾಗ ಸಂಸ್ಥೆಗೆ ಸೇರಿದ್ದು ತಡವಾಗಿ, 1996ರಲ್ಲಿ. ಬಾವಲಿಗಳನ್ನು ಕೊಲ್ಲುವ ಬಿಳಿಮೂಗಿನ ರೋಗದಂಥ ವಿಷಯಗಳ ಮೇಲಿನ ಅದರ ವರದಿಗಳು ಸಾಮಾನ್ಯ ಓದುಗರಿಗೆ ಭಾರವೆನಿಸುತ್ತವೆ. ಆದರೆ ಮೇರಿಲ್ಯಾಂಡ್‌ನಲ್ಲಿರುವ ಪಕ್ಷಿ ಉಂಗುರ ಪ್ರಯೋಗಾಲಯ ಎಲ್ಲರಿಗೂ ಎಟುಕುವ ಸೇವೆ. 1920ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಹಕ್ಕಿಗಳ ಕಾಲಿಗೆ ಸಂಖ್ಯೆ ಕೊರೆದ ಲೋಹದ ಉಂಗುರ ತೊಡಿಸಿ ಬಿಡುತ್ತಾರೆ. ಅಂಥ ಹಕ್ಕಿ ಕಣ್ಣಿಗೆ ಬಿದ್ದು ಸಂಖ್ಯೆಯನ್ನು ತಿಳಿಸಿದವರಿಗೆ, ಅದು ಯಾವ ಜಾತಿ, ಎಲ್ಲಿ, ಯಾವಾಗ ಉಂಗುರ ತೊಟ್ಟಿತು ಎಂಬ ವಿವರಗಳಿರುವ ಪ್ರಮಾಣಪತ್ರ ಬರುತ್ತದೆ.

ಈ ದಾಖಲೆಗಳಲ್ಲಿ ಅತಿ ಪ್ರಸಿದ್ಧಳು ಲೇಸನ್ ಆಲ್ಬಟ್ರಾಸ್ ಜಾತಿಯ ವಿಸ್ಡಮ್ ಎಂಬ ಕಡಲಹಕ್ಕಿ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಪಕ್ಷಿತಜ್ಞ ಚಾಂಡ್ಲರ್ ರಾಬಿನ್ಸ್ ಆಕೆಗೆ ಉಂಗುರ ತೊಡಿಸಿದರು. 46 ವರ್ಷಗಳ ನಂತರ, 2002ರಲ್ಲಿ, ಅದೇ ಹಕ್ಕಿ ಮತ್ತೆ ಅವರ ಕೈಗೇ ಸಿಕ್ಕಿತು. 2024ರ ಕೊನೆಯಲ್ಲಿಯೂ ಆಕೆ ಮೊಟ್ಟೆಯಿಟ್ಟಳು. ನಡುವೆ ಸವೆದುಹೋದ ಉಂಗುರಗಳನ್ನು ಹಲವು ಸಲ ಬದಲಿಸಿದ್ದಾರೆ. ಆಕೆಯ ವಯಸ್ಸನ್ನು ಎಲ್ಲರೂ ಸುಮಾರು 74 ಎಂದು ಬರೆದರು. ಆದರೆ ಆ ಲೆಕ್ಕದ ಬುಡದಲ್ಲಿರುವುದು ಇಷ್ಟೇ: 1956ರಲ್ಲಿ ಆಕೆ ಆಗಲೇ ಬೆಳೆದ ಹಕ್ಕಿಯಾಗಿ ಗೂಡಿನಲ್ಲಿದ್ದಳು, ಈ ಜಾತಿ ಐದು ವರ್ಷಕ್ಕೆ ಮೊದಲು ಮೊಟ್ಟೆಯಿಡುವುದಿಲ್ಲ. ಆದ್ದರಿಂದ ಆ ವಯಸ್ಸಿನ ಮುಂದೆ ‘ಕನಿಷ್ಠ’ ಎಂಬ ಪದ ಇರಲೇಬೇಕು.