ಆರು ತಿಂಗಳು ನಿಂತ ಕಾರಿಗೆ ಗಾಳಿ ಹೊಡೆಸಿ ನೇರ ಹೈವೇಗೆ ಹೋಗಬೇಡಿ

ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ 2024ರ ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ಹೋದವರು, ವಾಪಸ್ ಬಂದಿದ್ದು ಏಪ್ರಿಲ್‌ನಲ್ಲಿ. ಅಷ್ಟೂ ದಿನ ಕಾರು ಬೆಂಗಳೂರಿನ ನಮ್ಮ ಮನೆ ಮುಂದೆ ಒಂದೇ ಜಾಗದಲ್ಲಿ ನಿಂತಿತ್ತು. ಬಂದ ಮೂರನೇ ದಿನ ಹಾಸನದ ಕಡೆ ನೆಂಟರ ಗೃಹಪ್ರವೇಶ. ತಮ್ಮನ ಮನೆಯಿಂದ ಅಮ್ಮನನ್ನೂ ಕರೆದುಕೊಂಡು ಬೆಳಿಗ್ಗೆ ಹೊರಟೆವು. ಹಿರೀಸಾವೆ ಹತ್ತಿರ ಬಲಗಡೆ ಹಿಂದಿನ ಟೈರು ಒಡೆಯಿತು. ಆ ಚಕ್ರದ ಮೇಲಿನ ಸೀಟಿನಲ್ಲೇ 84 ವರ್ಷದ ಅಮ್ಮ ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಐದಾರು ಸೆಕೆಂಡು ನಿಮ್ಮ ಮನೆಯವರಿಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕಾರನ್ನು ಹಾಗೇ ಬಿಟ್ಟು ಹೋಗಿರಲಿಲ್ಲ. ಪಕ್ಕದ ಮನೆ ಹುಡುಗನಿಗೆ ಕೀ ಕೊಟ್ಟಿದ್ದೆ. ಪಾಪ, ಪ್ರತಿ ಭಾನುವಾರ ತಪ್ಪದೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ. ಹಾಗಾಗಿ ಬ್ಯಾಟರಿ ಚೆನ್ನಾಗಿತ್ತು, ಕೀ ತಿರುಗಿಸಿದ ತಕ್ಷಣ ಇಂಜಿನ್ ಎದ್ದಿತು. ಅಷ್ಟಕ್ಕೇ ಗಾಡಿ ಸರಿ ಇದೆ ಅಂದುಕೊಂಡೆ. ಆದರೆ ಆರು ತಿಂಗಳಲ್ಲಿ ಚಕ್ರ ಒಂದು ಸುತ್ತೂ ತಿರುಗಿರಲಿಲ್ಲ. ಹ್ಯಾಂಡ್‌ಬ್ರೇಕ್ ಕಚ್ಚಿಕೊಂಡಿತ್ತು, ಹಿಂದೆ ಮುಂದೆ ಅಲುಗಾಡಿಸಿದ ಮೇಲೆ ಬಿಟ್ಟಿತು. ಬಲಗಡೆ ಹಿಂದಿನ ಟೈರು ನೆಲಕ್ಕೆ ಕೂತಂತೆ ಕಾಣುತ್ತಿತ್ತು.

ಪೆಟ್ರೋಲ್ ಬಂಕ್‌ನಲ್ಲಿ ಮೀಟರ್ ಹಾಕಿದರೆ ಮೂರು ಟೈರಿನಲ್ಲಿ 23, 24 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇತ್ತು, ಇದರಲ್ಲಿ ಮಾತ್ರ 11. ಗಾಳಿ ಹೊಡೆಯುವ ಹುಡುಗ ನಾಲ್ಕಕ್ಕೂ 33 ತುಂಬಿಸಿದ. ಯಾವ ಟೈರಾದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿಯೇ ಕಳೆದುಕೊಳ್ಳುತ್ತದೆ, ಆ ಲೆಕ್ಕದಲ್ಲಿ 23 ಸರಿ. 11 ಸರಿಯಲ್ಲ. ಅದೊಂದರಲ್ಲೇ ಯಾಕೆ ಅಷ್ಟು ಇಳಿದಿದೆ ಅಂತ ನಾನು ಅಲ್ಲೇ ಕೇಳಿಕೊಳ್ಳಬೇಕಿತ್ತು. ಗಾಳಿ ನಿಂತಿತಲ್ಲ, ಪಂಕ್ಚರ್ ಇಲ್ಲ ಅಂದುಕೊಂಡು ಹೊರಟುಬಿಟ್ಟೆ.

ತುಮಕೂರು ರಸ್ತೆಗೆ ಬಂದಾಗ ಕೆಳಗಿನಿಂದ ಧಡ್ ಧಡ್ ಅಂತ ಒಂದೇ ತಾಳದ ಸದ್ದು. ಕಾರಿನ ಭಾರ ಒಂದೇ ಕಡೆ ತಿಂಗಳುಗಟ್ಟಲೆ ಬಿದ್ದರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಟೈರಿನ ಒಳಗಿರುವ ನೈಲಾನ್ ಪದರವೂ ರಬ್ಬರೂ ಅದೇ ಆಕಾರಕ್ಕೆ ಒಗ್ಗಿಬಿಡುತ್ತವೆ. ಸ್ವಲ್ಪ ಮಟ್ಟಿಗೆ ಆಗಿದ್ದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಓಡಿ ಟೈರು ಬಿಸಿಯಾದ ಮೇಲೆ ದುಂಡಗಾಗುತ್ತದೆ. ಗಾಳಿ ಕಡಿಮೆ ಇದ್ದು ಬಹಳ ದಿನ ನಿಂತಿದ್ದರೆ ಆ ಚಪ್ಪಟೆ ಹೋಗುವುದೇ ಇಲ್ಲ. ನೆಲಮಂಗಲ ದಾಟುವ ಹೊತ್ತಿಗೆ ಸದ್ದು ಬಹುಪಾಲು ಇಳಿಯಿತು. ನನಗೂ ಸಮಾಧಾನವಾಯಿತು. ಆ ಸಮಾಧಾನವೇ ನನ್ನನ್ನು ಮೋಸ ಮಾಡಿದ್ದು. ಸಣ್ಣ ನಡುಕ ಸೀಟಿನಲ್ಲಿ ಉಳಿದೇ ಇತ್ತು, "ಏನ್ರೀ ಇದು, ಇನ್ನೂ ಅದುರ್ತಿದೆಯಲ್ಲ" ಅಂತ ಹೆಂಡತಿ ಎರಡು ಸಲ ಹೇಳಿದಳು.

ಒಡೆದಾಗ ನಾನು 90ರ ಆಸುಪಾಸಿನಲ್ಲಿದ್ದೆ. ದೊಡ್ಡ ಪಟಾಕಿಯ ಸದ್ದು, ಕಾರಿನ ಹಿಂಭಾಗ ಬಲಕ್ಕೆ ಎಳೆಯಿತು. ಬ್ರೇಕ್ ಒತ್ತಲಿಲ್ಲ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ನಿಧಾನವಾದ ಮೇಲೆ ಎಡಕ್ಕೆ ತಂದು ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಬಸ್ಸಿನವರು ದೂರ ಇಟ್ಟುಕೊಂಡಿದ್ದರು, ಅವರಿಗೆ ನಾನು ಋಣಿ. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ! ಟ್ರ್ಯಾಕ್ಟರ್‌ನವರೊಬ್ಬರು ಕಾಲಿನ ಪಂಪ್ ಕೊಟ್ಟು, ತಾವೇ ನಿಂತು ಒತ್ತಿಕೊಟ್ಟರು.

ಚನ್ನರಾಯಪಟ್ಟಣದ ಟೈರ್ ಅಂಗಡಿಯವರು ಒಡೆದ ಟೈರನ್ನು ರಿಮ್ಮಿನಿಂದ ಬಿಚ್ಚಿ ನೆಲಕ್ಕೆ ಕುಟ್ಟಿದರು. ಒಳಗಿನಿಂದ ಕಾಫಿಪುಡಿಯಂಥ ಕಪ್ಪು ಪುಡಿ ಒಂದು ಹಿಡಿ ಉದುರಿತು. "ಇದು ರಬ್ಬರ್ ಸಾರ್. ಗಾಳಿ ಕಮ್ಮಿ ಇಟ್ಕೊಂಡು ಓಡಿಸಿದ್ರೆ ಸೈಡು ಮಡಚಿ ಮಡಚಿ ಹೀಗೆ ಪುಡಿಯಾಗ್ತದೆ." ಬೆಳಿಗ್ಗೆ 33 ಇತ್ತಲ್ಲ ಅಂದೆ. ಅವರು ಗಾಳಿ ತುಂಬಿಸುವ ವಾಲ್ವನ್ನು ಹೆಬ್ಬೆರಳಿನಿಂದ ಬಗ್ಗಿಸಿದರು. ಬುಡದಲ್ಲಿ ರಬ್ಬರು ಬಾಯಿ ಬಿಟ್ಟಿತು. ನಿಂತಾಗ ಬಿಟ್ಟೂ ಬಿಡದಂತೆ ಸೋರುತ್ತಿದ್ದದ್ದು, ಚಕ್ರ ವೇಗವಾಗಿ ತಿರುಗಿದಾಗ ಜಾಸ್ತಿ ಸೋರಿದೆ. ಗಾಳಿ ಇಳಿದಂತೆ ಟೈರು ಕಾದಿದೆ, ಕಾದು ಒಡೆದಿದೆ.

ಆಮೇಲೆ ಉಳಿದ ಟೈರುಗಳನ್ನು ತೋರಿಸಿದರು. ಬಲಗಡೆಯವು ಪಡುವಣ ಬಿಸಿಲಿಗೆ ಒಡ್ಡಿಕೊಂಡು ನಿಂತಿದ್ದವು. ಅವುಗಳ ಪಕ್ಕದಲ್ಲಿ, ಬೇಸಿಗೆಯಲ್ಲಿ ಹಿಮ್ಮಡಿ ಒಡೆದ ಹಾಗೆ, ಸುತ್ತಲೂ ಸಣ್ಣ ಸೀಳು. ಎಡಗಡೆಯವು ಗೋಡೆ ನೆರಳಿನಲ್ಲಿದ್ದವು, ಅಷ್ಟು ಸೀಳು ಇರಲಿಲ್ಲ. ಬಿಸಿಲು, ಗಾಳಿಯಲ್ಲಿನ ಓಝೋನ್ ರಬ್ಬರನ್ನು ತಿನ್ನುತ್ತವೆ. ಅದನ್ನು ತಡೆಯಲೆಂದೇ ಟೈರಿನೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳುತ್ತಾ ಬಳುಕುತ್ತಾ ಇದ್ದರೆ ಅದು ಮೇಲ್ಮೈಗೆ ಚೆನ್ನಾಗಿ ಬರುತ್ತದೆ, ನಿಂತಲ್ಲೇ ನಿಂತರೆ ಕಡಿಮೆ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಅಕ್ಷರ, ಅಂಕಿಗಳ ಸಾಲಿನ ಕೊನೆಗೆ 1417 ಅಂತಿತ್ತು: 2017ರ 14ನೇ ವಾರದಲ್ಲಿ ತಯಾರಾದದ್ದು. ಓಡಿದ್ದು ಬರೀ 31,000 ಕಿಲೋಮೀಟರ್, ಗ್ರಿಪ್ ಸವೆದೇ ಇರಲಿಲ್ಲ. ಅದನ್ನೇ ನೋಡಿ ಟೈರು ಹೊಸದರಂತಿದೆ ಅಂತ ನಂಬಿದ್ದೆ. ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ನೋಡಿಸಬೇಕು, ಸ್ಟೆಪ್ನಿಯೂ ಸೇರಿ. ಹತ್ತಾದರೆ ಗ್ರಿಪ್ ಎಷ್ಟೇ ಇರಲಿ, ತೆಗೆದುಹಾಕಬೇಕು. ಕಪ್ಪು ಪಾಲಿಶ್ ಹೊಡೆದ ಟೈರನ್ನು ಮಾತ್ರ ನಂಬಬೇಡಿ, ಸೀಳು ಮುಚ್ಚಿಹೋಗಿರುತ್ತದೆ. ಐದೂ ಟೈರು, ಐದೂ ವಾಲ್ವು ಬದಲಾಯಿಸಿ ₹26,000 ಕೊಟ್ಟೆ.

ನಿಮ್ಮ ಕಾರು ಈಗಾಗಲೇ ತಿಂಗಳುಗಟ್ಟಲೆ ನಿಂತಿದ್ದರೆ, ಗಾಳಿ ತುಂಬಿಸಿ ಆವತ್ತೇ ದೂರ ಹೊರಡಬೇಡಿ. ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಟೈರು ತಣ್ಣಗಿರುವಾಗ ಮತ್ತೆ ಮೀಟರ್ ಹಾಕಿ. ಒಂದರಲ್ಲಿ ಮಾತ್ರ ಇಳಿದಿದ್ದರೆ ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡಿಸಿ. ಪೂರ್ತಿ ಗಾಳಿ ಹೋಗಿ ರಿಮ್ಮಿನ ಕೆಳಗೆ ನಜ್ಜಿಕೊಂಡು ನಿಂತಿದ್ದ ಟೈರಿಗಂತೂ ಗಾಳಿ ಹೊಡೆದು ಹೈವೇಗೆ ಹೋಗುವ ಯೋಚನೆಯೇ ಬೇಡ. ಎಲ್ಲ ಟೈರಿನಲ್ಲೂ ಗಾಳಿ ಸರಿಯಾಗಿ ನಿಂತಿದ್ದರೆ ಮಾತ್ರ, ಮೊದಲು ಊರೊಳಗೆ ನಿಧಾನವಾಗಿ ಇಪ್ಪತ್ತೈದು ಕಿಲೋಮೀಟರ್ ಓಡಿಸಿ. ಆಮೇಲೂ ನಡುಕ ಇದ್ದರೆ ಬಸ್ಸಿನಲ್ಲಿ ಹೋಗಿ.

ಈ ಅಕ್ಟೋಬರ್‌ನಲ್ಲಿ ನಾವು ಮತ್ತೆ ಹೋಗುತ್ತಿದ್ದೇವೆ. ಹೊರಡುವ ಮುಂಚೆ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಹೇಳಿದ್ದಕ್ಕಿಂತ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತುಂಬಿಸಿ, ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಬಲಗಡೆ ಚಕ್ರಗಳಿಗೆ ಬಿಸಿಲು ಬೀಳದಂತೆ ದಪ್ಪ ಬಟ್ಟೆ ಹೊದಿಸುತ್ತೇನೆ. ಪಕ್ಕದ ಮನೆ ಹುಡುಗನಿಗೆ ಈ ಸಲ ಲೈಸೆನ್ಸ್ ಬಂದಿದೆ. ಕೀ ಜೊತೆ ಗಾಳಿ ಮೀಟರನ್ನೂ ಕೊಟ್ಟು, ಹದಿನೈದು ದಿನಕ್ಕೊಮ್ಮೆ ರಿಂಗ್ ರೋಡಿನವರೆಗೆ ಓಡಿಸಿಕೊಂಡು ಬಾಪ್ಪ ಅಂದಿದ್ದೇನೆ.