ಬೀಟಾ ಡೆಸ್ಕ್‌ಟಾಪ್‌ನಲ್ಲಿ ಆರು ವಾರ, ಒಂಬತ್ತು ದೋಷವರದಿ

ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್ ಪರಿಸರದ (ವಿಂಡೋ, ಪ್ಯಾನೆಲ್, ಸೆಟ್ಟಿಂಗ್ಸ್ ಎಲ್ಲ ಸೇರಿ ಪರದೆಯ ಮೇಲೆ ಕಾಣುವ ಭಾಗ) ಬೀಟಾ ಆವೃತ್ತಿಯನ್ನು, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು, ಆರು ವಾರ ದಿನನಿತ್ಯದ ಕೆಲಸಕ್ಕೆ ಬಳಸಿ, ಆ ಅವಧಿಯಲ್ಲಿ ಒಂಬತ್ತು ದೋಷಗಳನ್ನು ವರದಿ ಮಾಡಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪರಿಸರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಬೀಟಾದಲ್ಲಿ ಕಂಡ ಕುಂದು ಬಿಡುಗಡೆಯ ಹೊತ್ತಿಗೆ ಉಳಿದಿರಬೇಕೆಂದೇನೂ ಇಲ್ಲ. ಹೆಸರಿನೊಂದಿಗೆ ಬರೆದಿಟ್ಟರೆ ಒಗೆದು ಹೋದ ಕಲೆಯನ್ನು ಮತ್ತೆ ಮತ್ತೆ ತೋರಿಸಿದಂತಾಗುತ್ತದೆ. ಅಲ್ಲದೆ ಬೀಟಾ ಎಂಬುದು ಎಲ್ಲೆಲ್ಲಿ ಕೆಡುತ್ತದೆಂದು ನೋಡುವುದಕ್ಕಾಗಿಯೇ ಕೈಗೆ ಕೊಟ್ಟ ಸರಕು. ಆದ್ದರಿಂದ ಅದು ಎಷ್ಟು ಸಲ ಕೆಟ್ಟಿತೆಂದು ಲೆಕ್ಕ ಹಾಕುವ ಬದಲು, ಕೆಟ್ಟಾಗ ಏನಾಯಿತೆಂದು ಹೇಳಲು ಅದು ನನಗೆಷ್ಟು ನೆರವಾಯಿತು, ಹೇಳಿದ್ದನ್ನು ಅದನ್ನು ಕಟ್ಟುವವರು ಹೇಗೆ ಕೇಳಿಸಿಕೊಂಡರು ಎಂಬುದನ್ನು ನೋಡಿ ಅಂಕ ಕೊಟ್ಟಿದ್ದೇನೆ.

ಇಂಥ ಪರೀಕ್ಷೆಗೆ ಕಾಲವೂ ಮುಖ್ಯ. ಲಿನಕ್ಸ್‌ನ ಹೆಸರಾಂತ ಡೆಸ್ಕ್‌ಟಾಪ್ ಪರಿಸರಗಳಲ್ಲೊಂದಾದ ಗ್ನೋಮ್ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹೊಸ ಆವೃತ್ತಿ ತರುತ್ತದೆ. ಪ್ರತಿ ಸಲವೂ ಆಲ್ಫಾ, ಬೀಟಾ, ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಬಿಡುಗಡೆಗೆ ಹೆಚ್ಚುಕಡಿಮೆ ಸಿದ್ಧವಾದ ಆವೃತ್ತಿ) ಎಂಬ ಮೆಟ್ಟಿಲುಗಳಿರುತ್ತವೆ. ಅಂಥದ್ದೇ ಇನ್ನೊಂದು ಪರಿಸರ, ಕೆಡಿಇ ಸಮುದಾಯದ ಪ್ಲಾಸ್ಮಾ 6.0, ಹೊರಬಂದದ್ದು 2024ರ ಫೆಬ್ರವರಿ 28ರಂದು. ಅದರ ಮೊದಲ ಬೀಟಾ 2023ರ ನವೆಂಬರ್ 29ರಂದೇ ಬಂದಿತ್ತು. ಅಂದರೆ ಪರೀಕ್ಷಿಸುವವರಿಗೆ ಸಿಕ್ಕಿದ್ದು ಮೂರು ತಿಂಗಳು. ಬೀಟಾದ ಮೊದಲ ವಾರದಲ್ಲಿ ಕೊಟ್ಟ ವರದಿಗೆ ದುರಸ್ತಿಯಾಗುವ ಅವಕಾಶ ಸಾಕಷ್ಟಿರುತ್ತದೆ. ಅದೇ ವರದಿ ಆರ್‌ಸಿಯ ಹೊತ್ತಿಗೆ ಹೋದರೆ, ತೀರಾ ಗಂಭೀರವಲ್ಲದ ಯಾವುದನ್ನೂ ಮುಟ್ಟಲು ಯಾರಿಗೂ ಧೈರ್ಯವಿರುವುದಿಲ್ಲ, ಏಕೆಂದರೆ ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಿದರೆ ಅದನ್ನು ಪತ್ತೆಹಚ್ಚುವಷ್ಟು ದಿನಗಳು ಉಳಿದಿರುವುದಿಲ್ಲ.

ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾನು ಬಳಸಿದ್ದು 1366×768 ಪಿಕ್ಸೆಲ್ ಪರದೆಯ ಹಳೆಯ ಲ್ಯಾಪ್‌ಟಾಪ್. ಪ್ರತಿ ಅಪ್‌ಡೇಟ್‌ಗೆ ಮುಂಚೆ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯ ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಿರುಗಬಹುದಾದ, ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಟ್ಟುಕೊಳ್ಳುತ್ತಿದ್ದೆ, ಎರಡು ಸಲ ಅದೇ ಕಾಪಾಡಿತು. ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರಿನಲ್ಲಿ) ಪರೀಕ್ಷಿಸುವುದು ಸುರಕ್ಷಿತವೇನೋ ಹೌದು, ಆದರೆ ಗ್ರಾಫಿಕ್ಸ್ ಡ್ರೈವರ್, ನಿದ್ರಾವಸ್ಥೆ, ಎರಡನೆಯ ಮಾನಿಟರ್ ಇವುಗಳಿಗೆ ಸಂಬಂಧಿಸಿದ ದೋಷಗಳು ಅಲ್ಲಿ ಹೆಚ್ಚಾಗಿ ತಲೆಯನ್ನೇ ಎತ್ತುವುದಿಲ್ಲ. ಡೆಸ್ಕ್‌ಟಾಪ್‌ಗೆ ಬರುವ ಕಾಯಿಲೆಗಳಲ್ಲಿ ಹಲವು ಇಂಥವೇ.

ನನ್ನ ಮೊದಲ ವರದಿ ಕೆಟ್ಟ ವರದಿಯಾಗಿತ್ತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪೂರ್ತಿ ಹಿಗ್ಗಿಸಿದ ವಿಂಡೋವನ್ನು ಮುಚ್ಚಲು ಮೌಸನ್ನು ಬಲಗಡೆಯ ಮೇಲ್ಮೂಲೆಗೆ ತಳ್ಳಿ ಕ್ಲಿಕ್ ಮಾಡಿದರೆ, ವಿಂಡೋ ಮುಚ್ಚದೆ ಹಾಗೆಯೇ ಉಳಿಯುತ್ತಿತ್ತು. "ಹಿಗ್ಗಿಸಿದ ವಿಂಡೋ ಕೆಲವೊಮ್ಮೆ ಮುಚ್ಚುವುದಿಲ್ಲ" ಎಂದು ಬರೆದು ಕಳಿಸಿದೆ. ಮರುದಿನವೇ ಡೆವಲಪರ್ ಒಬ್ಬರು, ತಮ್ಮ ಯಂತ್ರದಲ್ಲಿ ಹಾಗಾಗುತ್ತಿಲ್ಲವೆಂದು ತಿಳಿಸಿ, ಪರದೆಯ ಅಳತೆಯನ್ನೂ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) ಎಷ್ಟೆಂಬುದನ್ನೂ ಕೇಳಿದರು. ದೋಷವರದಿಯಲ್ಲಿ "ಕೆಲವೊಮ್ಮೆ" ಎಂದು ಬರೆದವನು ಸರಿಯಾಗಿ ನೋಡಿಲ್ಲವೆಂದೇ ಅರ್ಥ, ಮತ್ತು ನಾನು ನೋಡಿರಲಿಲ್ಲ. ಆ ಸಂಜೆ ಕುಳಿತು ಒಂದೊಂದಾಗಿ ಬದಲಿಸಿ ನೋಡಿದೆ. ಹೊರಗಿನ 1920×1080 ಮಾನಿಟರ್ ಜೋಡಿಸಿ ಅದರಲ್ಲಿ ಕೆಲಸ ಮಾಡುವಾಗ ದೋಷವಿಲ್ಲ. ಲ್ಯಾಪ್‌ಟಾಪ್‌ನ ಪರದೆಯಲ್ಲಿ ಮಾತ್ರ ಇದೆ. ಅಲ್ಲಿಯೂ 100 ಮತ್ತು 200 ಪ್ರತಿಶತ ಸ್ಕೇಲಿಂಗ್‌ನಲ್ಲಿ ಇಲ್ಲ, 125 ಮತ್ತು 150ರಲ್ಲಿ ಇದೆ. ಬಲ ಅಂಚಿಗೆ ಕಣ್ಣು ಹತ್ತಿರ ತಂದು ನೋಡಿದಾಗ, ವಿಂಡೋದ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳುವಾಗಿ ವಾಲ್‌ಪೇಪರ್‌ನ ಬಣ್ಣ ಕಾಣಿಸುತ್ತಿತ್ತು.

ಉಳಿದದ್ದು ಭಾಗಾಕಾರ: 125 ಪ್ರತಿಶತವೆಂದರೆ ಪರದೆಯ ಅಗಲವನ್ನು 1.25ರಿಂದ ಭಾಗಿಸುವುದು. 1920ನ್ನು 1.25ರಿಂದ ಭಾಗಿಸಿದರೆ ಸರಿಯಾಗಿ 1536 ಬರುತ್ತದೆ. 1366ನ್ನು ಭಾಗಿಸಿದರೆ 1092.8. ಎಲ್ಲಿಯೋ ಯಾರೋ ಆ ದಶಮಾಂಶವನ್ನು ಕತ್ತರಿಸಿ 1092 ಎಂದು ಇಟ್ಟುಕೊಂಡಿದ್ದರು. ಅದನ್ನು ಮತ್ತೆ 1.25ರಿಂದ ಗುಣಿಸಿದರೆ 1365, ಅಂದರೆ ಒಂದು ಪಿಕ್ಸೆಲ್ ಕಡಿಮೆ. ನನ್ನ ಕ್ಲಿಕ್ ಬೀಳುತ್ತಿದ್ದದ್ದು ಆ ಒಂದು ಪಿಕ್ಸೆಲ್‌ನ ಸಂದಿಯಲ್ಲಿ. ತಂತ್ರಾಂಶಗಳು ತಮ್ಮ ವಿಂಡೋಗಳನ್ನು ಪರದೆಗೆ ತರಲು ಬಳಸುವ ವೇಲ್ಯಾಂಡ್‌ನಲ್ಲಿ ಭಿನ್ನಾಂಕದ ಸ್ಕೇಲಿಂಗ್‌ಗೆಂದೇ ಪ್ರತ್ಯೇಕ ಪ್ರೋಟೊಕಾಲ್ (ಪರಸ್ಪರ ಮಾತುಕತೆಯ ನಿಯಮ) ಸೇರಿದ್ದು 2022ರಲ್ಲಿ; ಅದಕ್ಕೆ ಮುಂಚೆ ತಂತ್ರಾಂಶಗಳಿಗೆ ಪೂರ್ಣಾಂಕದ ಸ್ಕೇಲನ್ನಷ್ಟೇ ತಿಳಿಸಲಾಗುತ್ತಿತ್ತು. ಈ ಲೆಕ್ಕವನ್ನೂ, ದೋಷವನ್ನು ಮತ್ತೆ ಕಾಣಿಸುವಂತೆ ಮಾಡುವ ನಾಲ್ಕು ಹಂತಗಳ ಕ್ರಮವನ್ನೂ, ನಾನು ನಿರೀಕ್ಷಿಸಿದ್ದೇನು ಆದದ್ದೇನು ಎಂಬ ಎರಡು ಸಾಲುಗಳನ್ನೂ ಸೇರಿಸಿ ವರದಿಯನ್ನು ತಿದ್ದಿದೆ. ದುರಸ್ತಿ ಐದು ದಿನಗಳಲ್ಲಿ ಬಂತು. ಮೊದಲ ವರದಿಯ ಮೇಲೆಯೇ ಅವರು ಸಿಡುಕಿ ಸುಮ್ಮನಾಗಿದ್ದರೆ ಇದು ಆಗುತ್ತಿರಲಿಲ್ಲ. ಕೇಳಿದ ಪ್ರಶ್ನೆ ಒಂದೇ ಸಾಲಿನದಾದರೂ ಸರಿಯಾದ ಕಡೆಗೇ ಕೈ ತೋರಿಸಿತ್ತು. ಈ ಯೋಜನೆಗೆ ನಾನು ಕೊಡುವ ಅಂಕಗಳಲ್ಲಿ ದೊಡ್ಡ ಪಾಲು ಆ ಪ್ರಶ್ನೆಗೇ ಸಲ್ಲುತ್ತದೆ.

ಕ್ರ್ಯಾಶ್‌ಗಳ ವಿಷಯದಲ್ಲಿ ಅನುಭವ ಅಷ್ಟು ಹಿತವಾಗಿರಲಿಲ್ಲ. ಸೆಟ್ಟಿಂಗ್ಸ್ ತಂತ್ರಾಂಶ ಒಮ್ಮೆ ಇದ್ದಕ್ಕಿದ್ದಂತೆ ಮುಚ್ಚಿಕೊಂಡಾಗ ವರದಿ ಮಾಡುವ ಸಣ್ಣ ವಿಂಡೋ ತಾನಾಗಿಯೇ ತೆರೆದುಕೊಂಡಿತು, ಅಲ್ಲಿಯವರೆಗೆ ಚೆನ್ನ. ಆದರೆ ಅದು ತೋರಿಸಿದ ಬ್ಯಾಕ್‌ಟ್ರೇಸ್‌ನಲ್ಲಿ (ಕೆಟ್ಟ ಕ್ಷಣದಲ್ಲಿ ತಂತ್ರಾಂಶದ ಯಾವ ಭಾಗ ಯಾವುದನ್ನು ಕರೆದಿತ್ತೆಂಬ ಪಟ್ಟಿಯಲ್ಲಿ) ಫಂಕ್ಷನ್‌ಗಳ ಹೆಸರಿರಬೇಕಾದ ಕಡೆಯೆಲ್ಲ ಜೋಡಿ ಪ್ರಶ್ನಾರ್ಥಕ ಚಿಹ್ನೆಗಳು, ಏಕೆಂದರೆ ಆ ಹೆಸರುಗಳನ್ನು ತಿಳಿಸುವ ಡಿಬಗ್ ಸಿಂಬಲ್‌ಗಳು ನನ್ನ ಯಂತ್ರದಲ್ಲಿರಲಿಲ್ಲ. ಅಂಥ ಬ್ಯಾಕ್‌ಟ್ರೇಸ್ ಯಾರ ಉಪಯೋಗಕ್ಕೂ ಬಾರದು. ಇವನ್ನು ಒದಗಿಸುವ ಡಿಬಗ್‌ಇನ್ಫೋಡಿ ಸರ್ವರ್ ಇರುವ ಲಿನಕ್ಸ್ ವಿತರಣೆಗಳಲ್ಲಿ, ದೋಷ ಹುಡುಕುವ ಸಾಧನವಾದ ಜಿಡಿಬಿ ತನಗೆ ಬೇಕಾದ ಸಿಂಬಲ್‌ಗಳನ್ನು ತಾನೇ ತರಿಸಿಕೊಳ್ಳುತ್ತದೆ. ಇಲ್ಲಿಯೂ ಅದು ಸಾಧ್ಯವಿತ್ತು, ಆದರೆ ಆ ವಿಂಡೋ ಅದನ್ನು ಹೇಳಲಿಲ್ಲ. ದಾರಿ ಹುಡುಕಿಕೊಳ್ಳುವಷ್ಟರಲ್ಲಿ ರಾತ್ರಿಯ ಅಪ್‌ಡೇಟ್ ಬಂದು ಪ್ಯಾಕೇಜ್‌ಗಳು ಬದಲಾದವು. ಹಿಂದಿನ ದಿನದ ಕೋರ್ ಡಂಪ್ (ಕೆಟ್ಟ ಕ್ಷಣದಲ್ಲಿ ತಂತ್ರಾಂಶದ ನೆನಪಿನಲ್ಲಿದ್ದುದರ ನಕಲು) ಕೈಯಲ್ಲಿದ್ದರೂ ಅದಕ್ಕೆ ಹೊಂದುವ ಸಿಂಬಲ್‌ಗಳು ಭಂಡಾರದಲ್ಲಿ ಉಳಿದಿರಲಿಲ್ಲ, ಬೀಗವಿದೆ ಕೀಲಿಯಿಲ್ಲ ಎನ್ನುವಂತಾಯಿತು. ಅಂದಿನಿಂದ ಕ್ರ್ಯಾಶ್ ಆದ ಕೂಡಲೇ, ಬೇರೇನನ್ನೂ ಮುಟ್ಟದೆ, ಕೋರ್‌ಡಂಪ್‌ಸಿಟಿಎಲ್ ಆಜ್ಞೆಯಿಂದ ಡಂಪನ್ನು ಜಿಡಿಬಿಯಲ್ಲಿ ತೆರೆದು ಪೂರ್ತಿ ಬ್ಯಾಕ್‌ಟ್ರೇಸ್ ತೆಗೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಯಂತ್ರವೇ ಸ್ತಬ್ಧವಾಗಿ ಮರಳಿ ಚಾಲೂ ಮಾಡಬೇಕಾದಾಗ, ಹಿಂದಿನ ಸಲ ಚಾಲೂ ಆಗಿದ್ದಾಗಿನ ಲಾಗನ್ನು (ಯಂತ್ರ ಬರೆದಿಟ್ಟ ದಿನಚರಿಯನ್ನು) ಜರ್ನಲ್‌ಸಿಟಿಎಲ್ ಆಜ್ಞೆಯಿಂದ ಪಡೆಯಬಹುದು.

ಲಾಗ್‌ಗಳನ್ನು ಲಗತ್ತಿಸುವ ಮುಂಚೆ ಓದಿ ನೋಡುವುದು ಒಳ್ಳೆಯದು. ನನ್ನ ಲಾಗ್‌ನಲ್ಲಿ ಬಳಕೆದಾರರ ಹೆಸರು, ವೈ-ಫೈ ಜಾಲದ ಹೆಸರು, ತೆರೆದಿದ್ದ ಕಡತಗಳ ಹೆಸರುಗಳು ಎಲ್ಲವೂ ಇದ್ದವು. ಕೋರ್ ಡಂಪ್ ಕಡತವನ್ನಂತೂ ಹಾಗೆಯೇ ಯಾರಿಗೂ ಕೊಡಬಾರದು. ತಂತ್ರಾಂಶದ ನೆನಪಿನಲ್ಲಿ ಆ ಕ್ಷಣಕ್ಕೆ ಪಾಸ್‌ವರ್ಡ್ ಇದ್ದರೆ ಅದೂ ಅದರೊಳಗೆ ಇರುತ್ತದೆ.

ಇನ್ನೊಂದು ದೋಷ ಕನ್ನಡ ಬಳಸುವವರಿಗೆ ಬೇಗ ಕಣ್ಣಿಗೆ ಬೀಳುವಂಥದ್ದು. ಫೈಲ್ ಮ್ಯಾನೇಜರ್‌ನಲ್ಲಿ "ರಾಷ್ಟ್ರೀಯ" ಎಂದು ಹೆಸರಿಟ್ಟ ಫೋಲ್ಡರ್‌ನ ಒತ್ತಕ್ಷರಗಳು ಕೆಳಗಡೆ ಕೊಯ್ದು ಹೋದಂತೆ ಕಾಣುತ್ತಿದ್ದವು. ಸಾಲಿನ ಎತ್ತರವನ್ನು ಲ್ಯಾಟಿನ್ ಲಿಪಿಯ ಫಾಂಟ್‌ನಿಂದ ಲೆಕ್ಕ ಹಾಕಿ, ಅಕ್ಷರಗಳನ್ನು ಮಾತ್ರ ಕನ್ನಡ ಫಾಂಟ್‌ನಿಂದ ತಂದರೆ, ಒತ್ತಕ್ಷರಕ್ಕೆ ಬೇಕಾದ ಜಾಗ ಕೆಳಗೆ ಉಳಿಯುವುದಿಲ್ಲ. ಕನ್ನಡ ಬಾರದ ಡೆವಲಪರ್‌ಗೆ ಸ್ಕ್ರೀನ್‌ಶಾಟ್ ನೋಡಿದರೆ ಅಕ್ಷರ ಕತ್ತರಿಸಿದೆಯೋ ಅದರ ಆಕಾರವೇ ಹಾಗೋ ತಿಳಿಯುವುದಿಲ್ಲ. ಆದ್ದರಿಂದ ಅದೇ ಪದವನ್ನು ಬ್ರೌಸರ್‌ನಲ್ಲಿ ಸರಿಯಾಗಿ ಮೂಡಿದಂತೆ ತೋರಿಸುವ ಎರಡನೆಯ ಚಿತ್ರವನ್ನು ಪಕ್ಕದಲ್ಲಿಟ್ಟು, ಪದವನ್ನು ಪಠ್ಯವಾಗಿಯೂ ಬರೆದೆ. ಅವರು ಅದನ್ನು ನಕಲಿಸಿ ತಮ್ಮ ಫೋಲ್ಡರ್‌ಗೆ ಅಂಟಿಸಿಕೊಂಡರೆ ಸಾಕು. ಅರ್ಧ ಗಂಟೆಯಲ್ಲಿ "ದೃಢಪಟ್ಟಿದೆ" ಎಂಬ ಗುರುತು ಬಿತ್ತು. ವರದಿಗಳನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕೆಂಬುದು ಅನೇಕರಿಗೆ ಅಳುಕು. ಹಂತಗಳು ಸರಿಯಿದ್ದರೆ ವ್ಯಾಕರಣವನ್ನು ಅಲ್ಲಿ ಯಾರೂ ತಿದ್ದಲು ಕೂರುವುದಿಲ್ಲ.

ಒಂಬತ್ತು ವರದಿಗಳ ಗತಿ ಹೀಗಾಯಿತು: ಮೂರು ದುರಸ್ತಿಯಾದವು, ಎರಡನ್ನು ಅದಾಗಲೇ ಬೇರೆಯವರು ವರದಿ ಮಾಡಿದ್ದರು (ನಾನು ಹುಡುಕಿದ್ದು ಸಾಲದು), ಒಂದು ದೃಢಪಟ್ಟು ಕಾಯುತ್ತಿದೆ, ಎರಡಕ್ಕೆ ಇಂದಿನವರೆಗೆ ಒಂದು ಸಾಲಿನ ಉತ್ತರವೂ ಇಲ್ಲ. ಉಳಿದ ಒಂದು ದೋಷವೇ ಅಲ್ಲ. ಪ್ಯಾನೆಲ್‌ನ ಗಡಿಯಾರ ಎರಡೆರಡಾಗಿ ಕಾಣುತ್ತದೆಂದು ದೂರು ಕೊಟ್ಟಿದ್ದೆ; ಹೊಸ ಬಳಕೆದಾರ ಖಾತೆ ತೆರೆದು ನೋಡಿದಾಗ ಗಡಿಯಾರ ಒಂದೇ ಇತ್ತು, ಹಳೆಯ ಆವೃತ್ತಿಯ ಕಾನ್ಫಿಗರೇಶನ್ ಕಡತದ ಮೇಲೆ ನಾನು ಹಿಂದೆ ಕೈಯಾಡಿಸಿದ್ದರ ಫಲ ಅದು. ಹೊಸ ಖಾತೆಯಲ್ಲಿ ಪರೀಕ್ಷಿಸಲು ಎರಡು ನಿಮಿಷ ಸಾಕು, ನಾನು ಅದನ್ನು ಮಾಡದೆ ಒಬ್ಬರ ಅರ್ಧ ತಾಸು ಹಾಳು ಮಾಡಿದೆ.

ಉತ್ತರವೇ ಬಾರದ ಎರಡು ವರದಿಗಳಿಗಾಗಿ ಅಂಕ ಕಳೆಯುವುದು ನ್ಯಾಯವೇ ಎಂದು ಯೋಚಿಸಿ, ಕೊನೆಗೆ ಕಳೆದಿದ್ದೇನೆ. ಸ್ವಯಂಸೇವಕರ ಸಮಯಕ್ಕೆ ಮಿತಿಯಿದೆ ಎಂಬುದು ನಿಜ. ಆದರೆ ಬಾಕಿ ಹಾಗೆಯೇ ಬೆಳೆಯದಂತೆ ಮಾಡುವ ಏರ್ಪಾಡುಗಳೂ ಇವೆ: ಕೆಡಿಇಯ ದೋಷವರದಿ ತಾಣವಾದ ಬಗ್‌ಜಿಲ್ಲಾದಲ್ಲಿ ಹೆಚ್ಚಿನ ಮಾಹಿತಿ ಬೇಕೆಂದು ಗುರುತಿಸಿದ ವರದಿಗೆ, ವರದಿ ಮಾಡಿದವರಿಂದ 15 ದಿನ ಉತ್ತರ ಬಾರದಿದ್ದರೆ ನೆನಪಿನ ಸಂದೇಶ ಹೋಗುತ್ತದೆ, 30 ದಿನವಾದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೆಲವರಿಗೆ ಇದು ಒರಟೆನಿಸಬಹುದು. ನನಗೆ ಮೌನಕ್ಕಿಂತ ಇದೇ ವಾಸಿ ಎನಿಸುತ್ತದೆ, ಮುಚ್ಚಿದ್ದನ್ನು ಮಾಹಿತಿ ಕೊಟ್ಟು ಮತ್ತೆ ತೆರೆಯಬಹುದು.

ಒಟ್ಟಾರೆ ಐದಕ್ಕೆ ಮೂರೂವರೆ. ಅರ್ಧ ಅಂಕ ಹೋದದ್ದು ಆ ಮೌನಕ್ಕೆ, ಪೂರ್ತಿ ಒಂದು ಅಂಕ ಕ್ರ್ಯಾಶ್ ವರದಿಯ ವಿಂಡೋಗೆ. ಎರಡನೆಯ ಯಂತ್ರ ಇಲ್ಲದವರು, ನಾಳೆಯೇ ಮುಗಿಸಬೇಕಾದ ಕೆಲಸವಿರುವವರು ಬಿಡುಗಡೆಯವರೆಗೆ ಕಾಯಲಿ. ಕಾಯುವುದಿಲ್ಲವೆನ್ನುವವರು ಆರ್‌ಸಿಗೆ ಬದಲು ಬೀಟಾದ ಮೊದಲ ವಾರದಲ್ಲೇ ಹಾಕಿಕೊಳ್ಳಲಿ.

ಆರ್‌ಸಿ ಹಾಕಿಕೊಂಡ ದಿನ 125 ಪ್ರತಿಶತಕ್ಕೆ ಬದಲಿಸಿ, ಮೌಸನ್ನು ಮೇಲ್ಮೂಲೆಗೆ ತಳ್ಳಿ ಕ್ಲಿಕ್ ಮಾಡಿದೆ. ವಿಂಡೋ ಮುಚ್ಚಿತು. "ರಾಷ್ಟ್ರೀಯ"ದ ಒತ್ತಕ್ಷರ ಇನ್ನೂ ಕತ್ತರಿಸಿಯೇ ಇತ್ತು. ಆ ವರದಿಗೆ ಹೊಸ ಆವೃತ್ತಿಯ ಸಂಖ್ಯೆಯನ್ನೂ ಹೊಸದೊಂದು ಚಿತ್ರವನ್ನೂ ಸೇರಿಸಿದ್ದೇನೆ.